ನಮ್ಮನೆಯ ಬಸ್ತೀಲು

ಅಡಿಗೆಮನೆಯ ಡ್ರಾಯರ್ ಖಾಲಿ ಮಾಡಿ, ಕೆಳಗಿನ ಕಾಗದ ಬದಲಿಸಿ, ಬೇಡದ್ದನ್ನೆಲ್ಲ ಎಸೆದು, ಎಸೆದದ್ದರಲ್ಲಿ ಅರ್ಧವನ್ನು ಮತ್ತೆ ಅದೇ ಡ್ರಾಯರಿಗೆ ತುಂಬುವುದು ವರ್ಷಕ್ಕೊಮ್ಮೆ ನಾನು ಮಾಡುವ ಕೆಲಸ. ಮೊನ್ನೆ ಹಾಗೆ ಮಾಡುತ್ತಿದ್ದಾಗ ಕುಕ್ಕರಿನ ಹಳೆಯ ರಬ್ಬರು, ಮುರಿದ ಚಮಚದ ಹಿಡಿಕೆ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಎರಡು ಬೀಗದ ಕೈಗಳ ನಡುವೆ ಬೆರಳುದ್ದದ ಒಂದು ತಗಡಿನ ಪಟ್ಟಿ ಸಿಕ್ಕಿತು. ಪಟ್ಟಿಯ ತುಂಬ ಸಾಲಾಗಿ ಕೊರೆದ ಸಣ್ಣ ಸೀಳುಗಳು. ಎರಡು ದಿನದ ಮಟ್ಟಿಗೆಂದು ಬಂದಿದ್ದ ನನ್ನ ತಂಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದೆಂತದೇ ಅಕ್ಕ, ಬಾಚಣಿಗೆಯಾ?" ಎಂದಳು.

"ಬಸ್ತೀಲು" ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯಿಗೆ ತಾನಾಗಿ ಬಂತು.

ತಂಗಿ ನನ್ನ ಮುಖವನ್ನೊಮ್ಮೆ, ಪಟ್ಟಿಯನ್ನೊಮ್ಮೆ ನೋಡಿದಳು. ಅವಳೂ ನಾನು ಓದಿದ ಶಾಲೆಯಲ್ಲೇ ಓದಿದವಳು. ಫ್ರಾನ್ಸ್ ದೇಶದ ಒಂದು ಕೋಟೆ ಸೆರೆಮನೆ ಜಯಪುರದ ನಮ್ಮ ಅಡಿಗೆಮನೆಯ ಡ್ರಾಯರಿನೊಳಗೆ ಹೇಗೆ ಬಂದು ಬಿತ್ತು ಎಂದು ಅವಳಿಗೆ ಹೇಳಹೊರಟೆ. ಅಷ್ಟರಲ್ಲಿ ಹಾಲು ಉಕ್ಕಿತು. ಅವಳಿಗೆ ಅರ್ಧ ಹೇಳಿ ಉಳಿಸಿಕೊಂಡದ್ದನ್ನು ಈಗ ನಿಮಗೆ ಪೂರ್ತಿ ಹೇಳುತ್ತೇನೆ. ಒಳಗೆ ಅತ್ತೆ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಾರೆ. ಅವರು ಏಳುವುದರೊಳಗೆ ಮುಗಿಸಬೇಕು, ಇಲ್ಲವಾದರೆ ನಾನು ಹೇಳಿದ್ದನ್ನೆಲ್ಲ ಅವರು ತಿದ್ದುತ್ತಾರೆ.

ನಾನು ಕಿಗ್ಗದ ಕಡೆಯವಳು. ಅಪ್ಪ ಮೇಷ್ಟ್ರು. ಮಗಳು ಇಂಗ್ಲಿಷ್ ಕಲಿಯಲಿ ಎಂದು ಐದನೆಯ ಕ್ಲಾಸಿಗೆ ನನ್ನನ್ನು ಎನ್.ಆರ್. ಪುರದ ಕಾನ್ವೆಂಟಿಗೆ ಸೇರಿಸಿ, ಅಲ್ಲಿಯ ಹಾಸ್ಟೆಲಿನಲ್ಲಿ ಬಿಟ್ಟು ಬಂದರು. ಎಂಟನೆಯ ಕ್ಲಾಸಿನಲ್ಲಿ ನಮಗೆ ಹಿಸ್ಟರಿ ಹೇಳಿಕೊಡುತ್ತಿದ್ದ ಸಿಸ್ಟರು ಬಹಳ ಮೆಲುದನಿಯವರು. ರಾಜರ ತಲೆ ಕಡಿದದ್ದನ್ನೂ ಪಾಯಸದ ಪಾಕ ಹೇಳಿದಷ್ಟೇ ತಣ್ಣಗೆ ಹೇಳುತ್ತಿದ್ದರು. ಒಂದು ದಿನ ಅವರು ಕರಿಹಲಗೆಯ ಮೇಲೆ ಒಂದು ಕೋಟೆ ಬರೆದರು. ಎಂಟು ದುಂಡು ಬುರುಜು, ನಡುವೆ ಎತ್ತರದ ಗೋಡೆ, ಸುತ್ತ ಅಗಳು. ಬರೆದು ಮುಗಿಸುವಷ್ಟರಲ್ಲಿ ಅವರ ನಿಲುವಂಗಿಯ ತೋಳಿನ ತುದಿಯೆಲ್ಲ ಸೀಮೆಸುಣ್ಣ. ಇದಕ್ಕೆ ಬ್ಯಾಸ್ಟೀಲ್ ಎನ್ನುತ್ತಾರೆ, ಜನ ನುಗ್ಗಿ ಇದನ್ನು ಒಡೆದರು ಎಂದರು. ನಾವೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂತೆವು. ಒಡೆದಾಗ ಒಳಗೆ ಎಷ್ಟು ಮಂದಿ ಕೈದಿಗಳಿದ್ದರು, ಊಹೆ ಮಾಡಿ ಎಂದರು. ಒಬ್ಬಳು ಸಾವಿರ ಎಂದಳು, ಇನ್ನೊಬ್ಬಳು ಹತ್ತು ಸಾವಿರ. ಸಿಸ್ಟರು ಏಳು ಬೆರಳು ತೋರಿಸಿದರು.

ಏಳೇ ಏಳು. ಹಬ್ಬದೂಟಕ್ಕೆಂದು ಹೋಗಿ ಉಪ್ಪಿಟ್ಟು ತಿಂದು ಬಂದವರ ಹಾಗಾಯಿತು ನಮಗೆ. ಆದರೂ ಆ ಹೆಸರು ಮಾತ್ರ ನಮ್ಮನ್ನು ಬಿಡಲಿಲ್ಲ. ಹಾಸ್ಟೆಲಿನಲ್ಲಿ ಅಡಿಗೆಮನೆಯ ಪಕ್ಕ ಒಂದು ಕೋಣೆಯಿತ್ತು. ಮನೆಯಿಂದ ನಮಗೆ ಬಂದ ಚಕ್ಕುಲಿ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸಿನ ಡಬ್ಬಗಳನ್ನೆಲ್ಲ ಅದರೊಳಗಿಟ್ಟು ಬೀಗ ಹಾಕುತ್ತಿದ್ದರು. ಸಂಜೆ ನಾಲ್ಕೂವರೆಗೆ ಒಮ್ಮೆ ಬಾಗಿಲು ತೆರೆದು ತಲೆಗೆರಡು ಚಕ್ಕುಲಿಯಂತೆ ಬಿಡುಗಡೆ. ಆ ಕೋಣೆ ನಮಗೆ ಬ್ಯಾಸ್ಟೀಲ್ ಆಯಿತು. ಬರಬರುತ್ತಾ ಲೆಕ್ಕದ ಪರೀಕ್ಷೆಯ ಹಾಲ್, ಕಾಯಿಲೆಯವರನ್ನು ಮಲಗಿಸುವ ಕೋಣೆ, ಬಿಗಿಯಾದ ಹೊಸ ಶೂ, ಎಲ್ಲವೂ ಬ್ಯಾಸ್ಟೀಲೇ. ಒಂದು ಹೊಸ ಮಾತು ಸಿಕ್ಕರೆ ಮಕ್ಕಳು ಅದನ್ನು ಚೂಯಿಂಗ್ ಗಮ್ಮಿನಂತೆ ಅಗಿಯುತ್ತಾರೆ, ರುಚಿ ಹೋದರೂ ಉಗಿಯುವುದಿಲ್ಲ.

ಒಂದು ಭಾನುವಾರ ನಾವು ನಾಲ್ವರು ಆ ಕೋಣೆಗೆ ನುಗ್ಗುವುದೆಂದು ನಿಶ್ಚಯ ಮಾಡಿದೆವು. ಬೀಗಕ್ಕೆಂದು ಹೇರ್‌ಪಿನ್ನುಗಳನ್ನು ನೆಟ್ಟಗೆ ಮಾಡಿಟ್ಟುಕೊಂಡು, ಎಲ್ಲರೂ ಮಲಗಿದ್ದ ಮಧ್ಯಾಹ್ನ ಬರಿಗಾಲಲ್ಲಿ ಹೋದೆವು. ಹೋಗಿ ನೋಡಿದರೆ ಬೀಗವೇ ಹಾಕಿಲ್ಲ. ಬಾಗಿಲು ತಳ್ಳಿದೆವು. ಡಬ್ಬಗಳ ನಡುವೆ ಒಂದು ಸ್ಟೂಲಿನ ಮೇಲೆ, ಚಪ್ಪಲಿ ಬಿಚ್ಚಿಟ್ಟು, ಕಾಲು ಚಾಚಿಕೊಂಡು ನಮ್ಮ ಹಿಸ್ಟರಿ ಸಿಸ್ಟರು ಕೂತಿದ್ದರು. ಕೈಯಲ್ಲಿ ಊರಿನಿಂದ ಬಂದ ಕಾಗದ. ಅವರ ಕಾಲಿನ ಹೆಬ್ಬೆರಳಿಗೆ ಒಂದು ಹಳೆಯ ಬ್ಯಾಂಡೇಜು ಸುತ್ತಿತ್ತು. ಅವರಿಗೂ ಕಾಲಿದೆ, ಕಾಲಿಗೆ ಬೆರಳಿದೆ ಎಂದು ನನಗೆ ಗೊತ್ತಾದದ್ದು ಅಂದೇ. ಅವರು ಬೈಯಲಿಲ್ಲ. ಕಾಗದ ಮಡಚಿ, ನಮ್ಮ ನಾಲ್ವರಿಗೂ ಒಂದೊಂದು ಚಕ್ಕುಲಿ ಕೊಟ್ಟು, ಬಾಗಿಲು ಹಾಕಿಕೊಂಡು ಹೋಗಿ ಎಂದರು. ನುಗ್ಗಿದವರೇ ಬಾಗಿಲು ಹಾಕಿಕೊಂಡು ಬಂದ ಕ್ರಾಂತಿ ನಮ್ಮದು.

ನಾನು ಈ ಮಾತಿನ ಅರ್ಥವನ್ನು ನಿಘಂಟಿನಲ್ಲಿ ನೋಡಿದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ಫ್ರೆಂಚರಲ್ಲಿ ಅದು ಮೊದಲು ಯಾವ ಸೆರೆಮನೆಯ ಹೆಸರೂ ಅಲ್ಲವಂತೆ. ಊರ ಬಾಗಿಲು ಕಾಯಲು ಕಟ್ಟುವ ಸಣ್ಣ ಕೋಟೆಗೆ ಹಾಗೆನ್ನುತ್ತಿದ್ದರು. ಹೊರಗಿನ ಶತ್ರು ಒಳಗೆ ಬಾರದಿರಲಿ ಎಂದು ಕಟ್ಟಿದ್ದು. ಗೋಡೆ ಅಷ್ಟು ಗಟ್ಟಿಯಾಗಿ ನಿಂತದ್ದು ಕಂಡು, ಇದರೊಳಗೆ ಯಾರನ್ನಾದರೂ ಇಟ್ಟರೆ ಹೊರಗೆ ಹೋಗಲಾರರಲ್ಲ ಎಂದು ಯಾವನೋ ರಾಜನಿಗೆ ಹೊಳೆದಿರಬೇಕು. ಗೋಡೆ ಅದೇ, ಕಲ್ಲು ಅದೇ, ಕಾವಲಿನವನು ಮುಖ ತಿರುಗಿಸಿ ನಿಂತ, ಅಷ್ಟೇ. ಇದನ್ನು ಓದಿದಾಗ ಒಳ್ಳೆಯ ವಿಷಯ ಎಂದುಕೊಂಡು ಪುಸ್ತಕ ಮುಚ್ಚಿದೆ. ನನ್ನ ಮನೆಗೂ ಇದಕ್ಕೂ ಏನಾದರೂ ಸಂಬಂಧ ಇದ್ದೀತೆಂದು ಅನ್ನಿಸಲಿಲ್ಲ.

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಅತ್ತೆಗೆ ಎಪ್ಪತ್ತಾರು. ನನಗೆ ಐವತ್ತು ದಾಟಿದರೂ ಅವರು ನನ್ನನ್ನು ಕರೆಯುವುದು ಹುಡುಗಿ ಎಂದೇ. ಅವರ ಜೀವ ಇರುವುದು ಜೇನುಪೆಟ್ಟಿಗೆಯಲ್ಲಿ. ಒಂದು ಕಾಲಕ್ಕೆ ಆರು ಪೆಟ್ಟಿಗೆ ಇದ್ದವಂತೆ, ಈಗ ಉಳಿದದ್ದು ಒಂದು. ಮನೆಯ ಹಿಂದಿನ ಕಡಿದಾದ ಮಣ್ಣಿನ ದರೆ ಹತ್ತಿ ಹೋದರೆ ಒಂದು ಅಂಟುವಾಳದ ಮರ, ಅದರ ಬುಡದಲ್ಲಿ ಕಲ್ಲುಕಂಬದ ಮೇಲೆ ಪೆಟ್ಟಿಗೆ. ಮನೆಯಿಂದ ನಲವತ್ತು ಹೆಜ್ಜೆ. ನಡುವೆ ಮಣ್ಣಿನಲ್ಲೇ ಕಡಿದ ಹನ್ನೊಂದು ಮೆಟ್ಟಿಲು. ಮೆಟ್ಟಿಲಿಗೆ ಮೊದಲು ಒಂದು ಉಣಗೋಲು, ಎಂದರೆ ಎರಡು ಕಂಬಕ್ಕೆ ತೂತು ಕೊರೆದು ಅಡ್ಡಕ್ಕೆ ಮೂರು ಗಳ ತೂರಿಸಿದ ಬಾಗಿಲು. ಗಳ ಸರಿಸಿ ದಾಟಬೇಕು. ರಸ್ತೆಯ ದನ ಹಿತ್ತಲಿಗೆ ನುಗ್ಗದಿರಲಿ ಎಂದು ಮಾಡಿದ್ದು. ಪ್ರತಿ ದಿನ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಅತ್ತೆ ಗಳ ಸರಿಸಿ, ಮೆಟ್ಟಿಲು ಹತ್ತಿ, ಪೆಟ್ಟಿಗೆಯ ಹತ್ತಿರ ಅರ್ಧ ಗಂಟೆ ಕೂತು ಬರುತ್ತಿದ್ದರು. ಅಲ್ಲಿ ಅವರು ಏನು ಮಾಡುತ್ತಿದ್ದರೆಂದು ನಾವು ಯಾರೂ ಕೇಳಿದ್ದಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ವಾರದಲ್ಲಿ ಅತ್ತೆ ಅದೇ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಕೊಪ್ಪದಲ್ಲಿ ಪ್ಲಾಸ್ಟರ್ ಹಾಕಿದ ಡಾಕ್ಟರು, ಈ ಸಲ ಕೈ, ಮುಂದಿನ ಸಲ ಸೊಂಟ, ಸೊಂಟ ಮುರಿದರೆ ಮತ್ತೆ ಏಳುವುದು ಕಷ್ಟ, ನೋಡಿಕೊಳ್ಳಿ ಎಂದರು. ನಾವು ನೋಡಿಕೊಂಡೆವು. ನಮ್ಮನೆಯವರದು ಜಯಪುರ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ಆಸ್ಪತ್ರೆಯಿಂದ ಬಂದ ದಿನವೇ ಅಂಗಡಿಯಿಂದ ದಪ್ಪ ತಂತಿ ತಂದು ಉಣಗೋಲಿನ ಮೂರು ಗಳಗಳನ್ನೂ ಕಂಬಕ್ಕೆ ಬಿಗಿದು ಕಟ್ಟಿದರು. ತಂತಿಯ ತುದಿ ಅತ್ತೆಯ ಕೈಗೆ ಚುಚ್ಚಬಾರದೆಂದು ಅದಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದು ನಾನು. ಎಷ್ಟು ನಾಜೂಕು ನೋಡಿ.

ಅತ್ತೆ ಜಗಳ ಮಾಡಲಿಲ್ಲ. ಒಂದು ಸಲ ಮಾತ್ರ, "ನಾನು ದನವಾ ಮಾರಾಯ?" ಎಂದು ಮಗನನ್ನು ಕೇಳಿದರು. ಅವರು ನಕ್ಕು, ಕೈ ಕೂಡಲಿ ಅಮ್ಮ, ಆಮೇಲೆ ನೋಡೋಣ ಎಂದರು. ಕೈ ಕೂಡಿತು, ಪ್ಲಾಸ್ಟರ್ ಬಿಚ್ಚಿದರು, ತಂತಿ ಬಿಚ್ಚಲಿಲ್ಲ. ನೋಡುವವರಿಲ್ಲದೆ ಪೆಟ್ಟಿಗೆಯಲ್ಲಿದ್ದ ಹುಳ ಯಾವಾಗಲೋ ಬಿಟ್ಟು ಹೋಗಿದ್ದವು. ಅತ್ತೆ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಅಡಿಗೆಮನೆಯ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ಅಲ್ಲಿಂದ ಪೆಟ್ಟಿಗೆಯ ಮುಚ್ಚಳ ಕಾಣುತ್ತದೆ.

ಶಿವರಾತ್ರಿ ಕಳೆದು ನಾಲ್ಕೈದು ದಿನವಾಗಿರಬೇಕು. ಬೆಳಿಗ್ಗೆ ಹನ್ನೊಂದಕ್ಕೆ ನಮ್ಮನೆಯವರ ಫೋನ್ ಬಂತು. ಅಂಗಡಿಯ ಮುಂದೆ ಗಿರಾಕಿಯೊಬ್ಬರು ನಿಲ್ಲಿಸಿದ ಸ್ಕೂಟರಿನ ಕ್ಯಾರಿಯರಿನ ಅಡಿಯಲ್ಲಿ ಜೇನು ಬಂದು ಕೂತಿದೆ, ಸ್ಕೂಟರಿನವರಿಗೆ ಬಾಳೆಹೊನ್ನೂರಿಗೆ ಹೋಗಬೇಕು, ಪಕ್ಕದ ಅಂಗಡಿಯವರು ಬೆಂಕಿ ಹಿಡಿಯೋಣ ಎನ್ನುತ್ತಿದ್ದಾರೆ, ಏನು ಮಾಡುವುದು ಎಂದು. ಅತ್ತೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. ಬೆಂಕಿ ಹಿಡಿದರೆ ನಾನೇ ಬಂದು ಹಿಡಿದವನಿಗೆ ಹಿಡಿಯುತ್ತೇನೆ ಎಂದು ಹೇಳು ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ನಾಲ್ಕು ತಿಂಗಳಿಂದ ಕಾಣದ ಬೆಳಕೊಂದು ಮುಖದ ಮೇಲಿತ್ತು.

"ನೀನು ಹೋಗು, ಹುಡುಗಿ."

ಜೇನು ಎಂದರೆ ಬಾಟಲಿಯಲ್ಲಿರುವುದು ಎಂದಷ್ಟೇ ತಿಳಿದಿದ್ದವಳು ನಾನು. ಆದರೂ ಹೋದೆ. ಆಟೋದಲ್ಲಿ ಕೂತು, ಮಡಿಲಲ್ಲಿ ಬೆತ್ತದ ಕುಕ್ಕೆ, ಒಂದು ಒದ್ದೆ ಬಟ್ಟೆ, ತಲೆಗೆ ಹಳೆಯ ಸೊಳ್ಳೆಪರದೆಯ ತುಂಡು. ಅಂಗಡಿಯ ಮುಂದೆ ಮದುವೆ ದಿಬ್ಬಣಕ್ಕೆ ಸೇರುವಷ್ಟು ಜನ. ಫೋನನ್ನು ಸ್ಪೀಕರಿಗೆ ಹಾಕಿ ಸ್ಕೂಟರಿನ ಸೀಟಿನ ಮೇಲಿಟ್ಟೆ. ಅತ್ತೆ ಆ ಕಡೆಯಿಂದ ಒಂದೊಂದಾಗಿ ಹೇಳುತ್ತಾ ಹೋದರು. ಕುಕ್ಕೆ ಕೆಳಗೆ ಹಿಡಿ. ಉಸಿರು ಬಾಯಿಂದ ಬಿಡಬೇಡ. ಕ್ಯಾರಿಯರಿನ ಮೇಲೆ ಒಂದೇ ಪೆಟ್ಟು, ಎರಡಲ್ಲ. ಕೊಟ್ಟೆ. ಅಷ್ಟೂ ಹುಳ ಗೊಂಚಲಾಗಿ ದೊಪ್ಪನೆ ಕುಕ್ಕೆಗೆ ಬಿದ್ದವು. ಹುಬ್ಬಿಗೊಂದು, ಮೂಗಿನ ತುದಿಗೊಂದು ಕಡಿತ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಸ್ಕೂಟರಿನವರು ನನಗೆ ಕೈ ಮುಗಿದು ಹೊರಟರು. ಬಾತ ಮೂಗಿನ ಒಂದು ಫೋಟೋ ತೆಗೆಸಿಕೊಂಡು ಊರಿಗೆಲ್ಲ ಕಳಿಸಿದೆ.

ಸಂಜೆ ಹುಳವನ್ನು ಪೆಟ್ಟಿಗೆಗೆ ಇಳಿಸುವಾಗ ಅತ್ತೆ ಉಣಗೋಲಿನ ಈಚೆ ನಿಂತು, ನಾನು ಗಳಗಳ ಸಂದಿಯಲ್ಲಿ ನುಸುಳಿ ದಾಟಿ, ಕೂಗು ಹಾಕಿಕೊಂಡೇ ಕೆಲಸ ಮುಗಿಸಿದೆವು. ಪೆಟ್ಟಿಗೆಯ ಬಾಯಿಗೆ ಸಿಕ್ಕಿಸಲು ಅತ್ತೆ ಕೊಟ್ಟದ್ದೇ ಈ ತಗಡಿನ ಪಟ್ಟಿ. ಇದಕ್ಕೆ ರಾಣಿ ಗೇಟು ಎನ್ನುತ್ತಾರೆ. ಸೀಳಿನಲ್ಲಿ ಕೆಲಸದ ಹುಳಗಳು ಆರಾಮಾಗಿ ಓಡಾಡುತ್ತವೆ. ರಾಣಿಯ ಮೈ ದೊಡ್ಡದು, ಅವಳು ನುಸುಳಲಾರಳು. ರಾಣಿ ಹೋಗದಿದ್ದರೆ ಉಳಿದವೂ ಬಿಟ್ಟು ಹೋಗುವುದಿಲ್ಲ. ಗುಂಪು ಎಷ್ಟು ದೊಡ್ಡದಿತ್ತು ಎಂದು ಅತ್ತೆ ಕೇಳಿದರು. ಒಂದು ತೆಂಗಿನಕಾಯಿಯಷ್ಟು ಎಂದೆ. ಅವರು ಎರಡು ಕೈ ಜೋಡಿಸಿ ಆ ಗಾತ್ರವನ್ನು ಅಳೆದು ನೋಡಿದರು.

"ಸಣ್ಣ ಗುಂಪು. ಹೊಸ ರಾಣಿ ಇರ್ಬೋದು. ಮೂರು ದಿನ ಗೇಟು ಇರ್ಲಿ, ನಾಲ್ಕನೇ ದಿನ ತೆಗೆದ್ಬಿಡು. ಅವಳು ಒಂದು ಸಲ ಹೊರಗೆ ಹಾರಿ, ಗಂಡುಹುಳ ಕೂಡಿ ಬರ್ಬೇಕು. ಇಲ್ಲಾಂದ್ರೆ ಇಡೀ ಸಂಸಾರ ಒಳಗೇ ಮುಗೀತದೆ. ಮರೀಬೇಡ."

ಆ ಸಂಜೆ ಜಗಲಿಯಲ್ಲಿ ಕೂತು ಮೂಗಿಗೆ ಸುಣ್ಣ ಹಚ್ಚಿಸಿಕೊಳ್ಳುತ್ತಾ ನಾನು ಅತ್ತೆಗೆ ಬ್ಯಾಸ್ಟೀಲಿನ ಕತೆ ಹೇಳಿದೆ. ರಾಣಿಯನ್ನೇ ಕೂಡಿಹಾಕಿ ಕೂಲಿಯವರನ್ನು ಬಿಡುವ ಸೆರೆಮನೆ ಕಂಡು ನೆನಪಾಗಿತ್ತು. ಎಂಟು ಬುರುಜು, ಅಗಳು, ಜನ ನುಗ್ಗಿದ್ದು, ಏಳು ಕೈದಿ. ಅತ್ತೆ ಪೂರ್ತಿ ಕೇಳಿ, ಅಷ್ಟು ದೊಡ್ಡ ಕೋಟೆಯಲ್ಲಿ ಏಳು ಜನಕ್ಕೆ ಅಡಿಗೆ ಯಾರು ಮಾಡುತ್ತಿದ್ದರು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಬಿಟ್ಟ ಮೇಲೆ ಆ ಏಳು ಜನ ಎಲ್ಲಿಗೆ ಹೋದರು ಎಂದು ಕೇಳಿದರು. ಒಬ್ಬ ಮುದುಕ ಬುದ್ಧಿ ಸ್ಥಿಮಿತವಿಲ್ಲದವನು, ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿ, ಆಮೇಲೆ ಹುಚ್ಚರ ಆಸ್ಪತ್ರೆಗೆ ಸೇರಿಸಿದರಂತೆ ಎಂದು ಎಲ್ಲೋ ಓದಿದ್ದನ್ನು ಹೇಳಿದೆ. ಅತ್ತೆ ಸುಣ್ಣದ ಡಬ್ಬಿಯ ಮುಚ್ಚಳ ಹಾಕಿ, ಅವನನ್ನು ಯಾರಾದರೂ ಕೇಳಿದರಾ ಎಂದರು. ನಮ್ಮ ಪುಸ್ತಕದಲ್ಲಿ ಅದೂ ಇರಲಿಲ್ಲ.

ಮರುದಿನದಿಂದ ಬಸ್ತೀಲು ನಮ್ಮನೆಯ ಮಾತಾಯಿತು. ಕಾನ್ವೆಂಟಿನ ಬಿಗಿ ಕಳಚಿ, ಅತ್ತೆಯ ಬಾಯಲ್ಲಿ ಅದು ಮೆತ್ತಗೂ ಆಯಿತು. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಗಟ್ಟಿಯಾದ ಕೊಬ್ಬರಿ ತುರಿ ಬಸ್ತೀಲಿನಲ್ಲಿದೆ. ನಮ್ಮನೆಯವರು ದಿಂಬಿನಡಿ ಅಡಗಿಸಿಡುವ ಟಿ.ವಿ. ರಿಮೋಟು ಬಸ್ತೀಲಿಗೆ ಹೋಗಿದೆ. ನನ್ನ ಮದುವೆಯ ರವಿಕೆಯನ್ನು ಹಾಕಿ ನೋಡಿದ ದಿನ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಏಳು ಜನ ಇದ್ದಾರೆ ಒಳಗೆ ಎಂದರು. ಮಾತನ್ನು ಎಲ್ಲೆಲ್ಲಿ ಕೂರಿಸಬಹುದೋ ಅಲ್ಲೆಲ್ಲ ಕೂರಿಸಿದರು. ತಂತಿ ಕಟ್ಟಿದ ಉಣಗೋಲಿಗೆ ಮಾತ್ರ ಒಂದು ದಿನವೂ ಹಾಗೆನ್ನಲಿಲ್ಲ. ನಾನು ಅದನ್ನು ಗಮನಿಸಿದೆ. ಗಮನಿಸಿ ಸುಮ್ಮನಾದೆ.

ನಾಲ್ಕನೆಯ ದಿನ ಗೇಟು ತೆಗೆಯಲು ಹೋದೆ. ಪಟ್ಟಿಯ ತುದಿ ಹಿಡಿದೆ. ಹುಳಗಳು ಸೀಳಿನಲ್ಲಿ ಬರುತ್ತಿದ್ದವು, ಹೋಗುತ್ತಿದ್ದವು, ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು. ಅಷ್ಟು ಜನರ ಮುಂದೆ ಹಿಡಿದು ತಂದ ನನ್ನ ಹುಳ. ಗೇಟು ತೆಗೆದು, ಹಾರಿ ಹೋದರೆ ಎನ್ನಿಸಿತು. ಇನ್ನೊಂದು ದಿನ ಇರಲಿ ಎಂದುಕೊಂಡು ಕೈ ಹಿಂದೆ ತೆಗೆದೆ. ಕೆಳಗೆ ಬಂದಾಗ ಅತ್ತೆ ಕಿಟಕಿಯ ಹತ್ತಿರ ಇದ್ದರು. ತೆಗೆದೆಯಾ ಎಂದರು. ತೆಗೆದೆ ಎಂದೆ.

ಸುಳ್ಳು ಹೇಳುವುದು ನನಗೆ ಬರುವುದಿಲ್ಲ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ಅಂದು ಎಷ್ಟು ಸಲೀಸಾಗಿ ಬಂತು ಎಂದರೆ, ಹೇಳಿದ ಮೇಲೆ ಸಾರಿಗೆ ಒಗ್ಗರಣೆಯನ್ನೂ ಹಾಕಿದೆ. ಐದನೆಯ ದಿನವೂ ತೆಗೆಯಲಿಲ್ಲ. ಆರು, ಏಳು. ಹುಳಕ್ಕೆ ಸಕ್ಕರೆ ನೀರು ಇಡುತ್ತಿದ್ದೆ, ಇರುವೆ ಹತ್ತದಂತೆ ಕಂಬದ ಬುಡಕ್ಕೆ ಎಣ್ಣೆ ಹಚ್ಚುತ್ತಿದ್ದೆ, ದಿನಕ್ಕೆರಡು ಸಲ ಹೋಗಿ ಮಾತಾಡಿಸುತ್ತಿದ್ದೆ. ನಾನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂದು ನನಗೇ ಖುಷಿ. ಮಾಡದೆ ಬಿಟ್ಟದ್ದು ಹೇಳಿದ ಒಂದೇ ಒಂದು ಕೆಲಸ.

ಹನ್ನೆರಡನೆಯ ದಿನ ಅಲಸಂದೆ ಬಿಡಿಸುತ್ತಾ ಕೂತಿದ್ದಾಗ ನಾನೇ ಬಾಯಿ ಬಿಟ್ಟೆ. ಮಧ್ಯಾಹ್ನದ ಹೊತ್ತು ಪೆಟ್ಟಿಗೆಯ ಬಾಯಲ್ಲಿ ಒಳಗಡೆಯಿಂದ ಕಪ್ಪಗೆ ದಪ್ಪಗಿನ ಹುಳ ಗುಂಪು ಕಟ್ಟಿಕೊಂಡು ನಿಂತಿರುತ್ತವೆ ಅತ್ತೆ, ನೋಡಲು ಚಂದ ಎಂದೆ. ಅತ್ತೆಯ ಕೈ ನಿಂತಿತು. ಅವು ಗಂಡುಹುಳ, ದಪ್ಪ ಮೈಯವು, ಸೀಳಿನಲ್ಲಿ ಅವೂ ತೂರಲಾರವು ಎಂದು ನನಗೆ ಆಗ ಗೊತ್ತಿರಲಿಲ್ಲ. ಗೇಟು ತೆಗೆದಿದ್ದೀಯಲ್ಲ ಎಂದು ಕೇಳಿದರು. ಹೂಂ ಎಂದೆ. ಅವರು ನನ್ನ ಮುಖ ನೋಡಲಿಲ್ಲ. ಇನ್ನೊಂದು ಅಲಸಂದೆ ತೆಗೆದುಕೊಂಡು ಬಿಡಿಸಿದರು.

ಮರುದಿನ ನಾನು ಪೇಟೆಗೆ ಹೋಗಿ, ಟೈಲರ್ ಹತ್ತಿರ ರವಿಕೆ ಕೊಟ್ಟು ಬರುವಷ್ಟರಲ್ಲಿ ಒಂದು ಗಂಟೆ ಹಿಡಿಯಿತು. ಬಂದರೆ ಮನೆಯಲ್ಲಿ ಅತ್ತೆ ಇಲ್ಲ. ಹಿಂದಿನ ಬಾಗಿಲು ತೆರೆದಿತ್ತು. ಉಣಗೋಲಿನ ತಂತಿ ಪೂರ್ತಿ ಬಿಚ್ಚಿ, ನೀಟಾಗಿ ಸುರುಳಿ ಸುತ್ತಿ ಕಂಬಕ್ಕೆ ಸಿಕ್ಕಿಸಿತ್ತು. ಮೂರು ಗಳಗಳೂ ಒಂದರ ಪಕ್ಕ ಒಂದು ನೆಲದ ಮೇಲೆ. ಮೆಟ್ಟಿಲು ನೋಡಿದೆ, ಅಲ್ಲಿ ಯಾರೂ ಬಿದ್ದಿರಲಿಲ್ಲ. ಓಡಿದೆ.

ಅತ್ತೆ ಪೆಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದರು. ಸೆರಗಿಗೆಲ್ಲ ಮಣ್ಣು. ನಾಲ್ಕು ಕಾಲಿನಲ್ಲಿ ಹತ್ತಿದ್ದಾರೆ ಎಂದು ಗೊತ್ತಾಯಿತು. ಕೈಯಲ್ಲಿ ತಗಡಿನ ಪಟ್ಟಿ.

"ತೆಗೆದೆ ಅಂದ್ಯಲ್ಲ."

"ಹೆದ್ರಿಕೆ ಆಯ್ತು ಅತ್ತೆ. ಹಾರಿ ಹೋದ್ರೆ ಅಂತ."

"ಹಾರೋದೇ ಅದ್ರ ಬಾಳು, ಮಾರಾಯ್ತಿ. ಹಾರ್ದೆ ಇರೋ ಹಾಂಗೆ ಇಟ್ಕೊಂಡ್ರೆ ಅದು ಜೇನಲ್ಲ, ಪೆಟ್ಟಿಗೇಲಿಟ್ಟ ಸಾಮಾನು."

ಅವರು ಚಾಚಿದ ಪಟ್ಟಿಯನ್ನು ತೆಗೆದುಕೊಂಡೆ. ಕೆಳಗೆ ಬಂದ ಮೇಲೆ ಅದನ್ನು ಅಡಿಗೆಮನೆಯ ಡ್ರಾಯರಿಗೆ ಹಾಕಿದ್ದೂ ನಾನೇ. ಪೆಟ್ಟಿಗೆಯ ಬಾಯಿಂದ ಆ ಕಪ್ಪು ಹುಳಗಳು ಒಂದೊಂದಾಗಿ ಹೊರಬಂದು, ಬಿಸಿಲಿಗೆ ಒಂದು ಕ್ಷಣ ನಿಂತು, ಗುಂಯ್ಯೆಂದು ಹೋಗುತ್ತಿದ್ದವು. ಅತ್ತೆ ಅವನ್ನೇ ನೋಡುತ್ತಾ, ನನ್ನ ಗಂಡ ಕಟ್ಟಿದ ತಂತಿಯ ವಿಷಯ ತೆಗೆದರು. ಅವ ಸಣ್ಣವನಿರುವಾಗಿಂದಲೂ ಗಂಟು ಸರಿಯಾಗಿ ಹಾಕುವುದಿಲ್ಲ, ಎಡಗೈಯಲ್ಲೇ ಬಿಚ್ಚಿ ಬಂತು ಎಂದರು. ಟ್ಯೂಬು ಸುತ್ತಿದ್ದು ಒಳ್ಳೆಯದಾಯಿತು, ಕೈಗೆ ಚುಚ್ಚಲಿಲ್ಲ ಎಂದೂ ಸೇರಿಸಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಂಜೆ ನಮ್ಮನೆಯವರು ವಿಷಯ ತಿಳಿದು ದನಿ ಎತ್ತಲಿಲ್ಲ. ತಂತಿಯನ್ನು ಮತ್ತೆ ಕಟ್ಟಿದರು. ಈ ಸಲ ಇಕ್ಕಳದಲ್ಲಿ ತಿರುಚಿ ಬಿಗಿದರು. ಅತ್ತೆ ತಟ್ಟೆಯಲ್ಲಿದ್ದ ಅನ್ನವನ್ನು ಪೂರ್ತಿ ಊಟ ಮಾಡಿ, ತಟ್ಟೆ ತೊಳೆದಿಟ್ಟು, ಕೋಣೆಗೆ ಹೋದರು. ನನ್ನ ಸುಳ್ಳಿನ ವಿಷಯ ಅವರು ಮಗನಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅದಾಗಿ ಮೂರನೆಯ ದಿನ ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದೆ, ಅತ್ತೆ ಕಿಟಕಿಯ ಹತ್ತಿರ ಇದ್ದರು. ಬಾ ಇಲ್ಲಿ ಎಂದು ಕರೆದರು. ಅಂಟುವಾಳದ ಮರದ ಕೆಳಗೆ ಗಾಳಿಯೇ ಕಪ್ಪಾದ ಹಾಗೆ ಹುಳ ಎದ್ದಿದ್ದವು. ಸುತ್ತಿದವು, ಮೇಲೆದ್ದವು, ಒಂದು ಸಲ ನಮ್ಮ ಮಾಡಿನ ಮೇಲೆ ಬಂದ ಹಾಗಾಗಿ, ಆಮೇಲೆ ಅಡ್ಡಗದ್ದೆಯ ದಿಕ್ಕಿಗೆ ಹೋದವು. ಎಲ್ಲ ಸೇರಿ ಐದು ನಿಮಿಷ. ಕಾವಲಿಯ ಮೇಲೆ ನನ್ನ ದೋಸೆ ಹೊತ್ತಿತು.

"ಹೋದ್ವು" ಎಂದರು ಅತ್ತೆ.

ನನಗೆ ಅಳು ಬಂತು. ಗೇಟು ಇದ್ದಿದ್ದರೆ ಇರುತ್ತಿದ್ದವು ಎಂದೆ. ಇದ್ದಿದ್ದರೆ ಇಲ್ಲೇ ಸಾಯುತ್ತಿದ್ದವು, ಈಗ ಎಲ್ಲೋ ಒಂದು ಪೊಟರೆ ನೋಡಿಕೊಳ್ಳುತ್ತವೆ ಎಂದರು. ಆಮೇಲೆ ಕಾಫಿ ಲೋಟ ಕೆಳಗಿಟ್ಟು, ಕಿಟಕಿ ಬಿಟ್ಟು ಒಳಗೆ ಹೋದರು. ಅವರು ಕಿಟಕಿಯಿಂದ ಅಷ್ಟು ಬೇಗ ಹೋದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಹುಳ ಹೋದದ್ದಕ್ಕಿಂತ ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅಂದು ಸಂಜೆಯವರೆಗೂ ಅವರು ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಬಸ್ತೀಲು ಎಂಬ ಮಾತು ಅವರ ಬಾಯಿಂದ ಒಂದು ಸಲವೂ ಬರಲಿಲ್ಲ.

ಸಂಜೆ ನಮ್ಮನೆಯವರು ಚಹಾ ಕುಡಿಯುತ್ತಾ, ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಎಂದರು. ಹುಳ ಇಲ್ಲದ ಮೇಲೆ ಅಮ್ಮ ದರೆ ಹತ್ತುವ ಅಗತ್ಯವೂ ಇಲ್ಲವಲ್ಲ. ತಂತಿಯ ಬದಲು ಒಂದು ಕಬ್ಬಿಣದ ಗೇಟೇ ಹಾಕಿಸಿಬಿಡುತ್ತೇನೆ, ಬೀಗ ಹಾಕಿದರೆ ಚಿಂತೆಯೇ ಇಲ್ಲ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ತಾಯಿ ಬಿದ್ದ ದಿನ ಆಸ್ಪತ್ರೆಯ ಹೊರಗೆ ಅವರು ಗೋಡೆಗೆ ಮುಖ ಮಾಡಿ ನಿಂತದ್ದನ್ನು ನಾನು ನೋಡಿದ್ದೇನೆ.

"ಖಾಲಿ ಪೆಟ್ಟಿಗೆ ಹಾಗೇ ಬಿಟ್ರೆ ಮೇಣ ತಿನ್ನೋ ಹುಳ ಬೀಳುತ್ತೆ" ಎಂದೆ. "ತೊಳೆದು, ಮೇಣ ಹಚ್ಚಿ ಇಡ್ಬೇಕು."

"ನೀನೇ ಮಾಡು."

"ನಂಗೆ ಬರಲ್ಲ. ಅವರಿಗೆ ಬರುತ್ತೆ."

ಅವರು ಲೋಟ ಕೆಳಗಿಟ್ಟರು. ಆಗ ನಾನು ಎಲ್ಲ ಹೇಳಿದೆ. ಹನ್ನೆರಡು ದಿನ ಗೇಟು ತೆಗೆಯದೆ ಇದ್ದದ್ದು, ತೆಗೆದೆ ಎಂದು ಸುಳ್ಳು ಹೇಳಿದ್ದು, ಅತ್ತೆ ತಂತಿ ಬಿಚ್ಚಿಕೊಂಡು ಹೋದದ್ದು ಹಟಕ್ಕಲ್ಲ, ನನ್ನ ತಪ್ಪು ಸರಿ ಮಾಡಲಿಕ್ಕೆ ಎಂದು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನಾನು ಅಷ್ಟು ಉದ್ದ ಮಾತಾಡಿದ್ದು ಕಡಿಮೆ. ಒಳಗೆ ಕೋಣೆಯಲ್ಲಿದ್ದ ಅತ್ತೆಗೆ ಕೇಳಿಸುತ್ತಿತ್ತು ಎಂದು ಕಾಣುತ್ತದೆ, ಅಲ್ಲಿ ಮಂಚದ ಸದ್ದು ನಿಂತಿತ್ತು.

"ಬಿದ್ರೆ?" ಎಂದರು ನಮ್ಮನೆಯವರು.

"ಬಿದ್ರೆ ಎತ್ತೋಣ. ನಂಗೂ ಹೆದ್ರಿಕೆ ಇದೆ. ಆದ್ರೆ ಹುಳ ಹೋದ್ಮೇಲೆ ಅವರು ಇವತ್ತು ಕಿಟಕಿ ಹತ್ರ ನಿಲ್ಲಲೇ ಇಲ್ಲ, ನೋಡಿದ್ರಾ?"

ನಮ್ಮನೆಯವರು ಎದ್ದು ಹೊರಗೆ ಹೋಗಿ ಬಹಳ ಹೊತ್ತು ಅಂಗಳದಲ್ಲಿ ಓಡಾಡಿದರು.

ಮರುದಿನ ಅಂಗಡಿಗೆ ರಜೆ. ಬೆಳಿಗ್ಗೆಯೇ ಗುದ್ದಲಿ ಹಿಡಿದು ಹನ್ನೊಂದು ಮೆಟ್ಟಿಲುಗಳನ್ನೂ ಅಗಲ ಮಾಡಿದರು. ಒಂದೊಂದಕ್ಕೂ ಚಪ್ಪಡಿ ಕಲ್ಲು ಕೂರಿಸಿದರು. ಒಂದು ಪಕ್ಕಕ್ಕೆ ಹಿಡಿದುಕೊಳ್ಳಲು ಪಂಪಿನ ಹಳೆಯ ಕಬ್ಬಿಣದ ಪೈಪನ್ನು ಉದ್ದಕ್ಕೆ ಹು​ಗಿದ ಗೂಟಗಳ ಮೇಲೆ ಕಟ್ಟಿದರು. ತಂತಿ ಬಿಚ್ಚಿದರು. ಮೂರು ಗಳಗಳಲ್ಲಿ ಕೆಳಗಿನದನ್ನೂ ನಡುವಿನದನ್ನೂ ತೆಗೆದು, ಬಗ್ಗದೆ ಸರಿಸಬಹುದಾದ ಮೇಲಿನ ಒಂದನ್ನು ಮಾತ್ರ ಉಳಿಸಿದರು. ದನ ನುಗ್ಗಿದರೆ ನುಗ್ಗಲಿ ಎಂದರು. ಇದನ್ನೆಲ್ಲ ಅತ್ತೆ ಹಿಂದಿನ ಬಾಗಿಲಲ್ಲಿ ಕೂತು ನೋಡಿದರು, ಯಾವ ಗೂಟ ಸೊಟ್ಟಗಿದೆ ಎಂದು ಎರಡು ಸಲ ಹೇಳಿದ್ದು ಬಿಟ್ಟರೆ ಬೇರೆ ಮಾತಿಲ್ಲ.

ಅದರ ಮರುದಿನ ಕಾಫಿ ಮುಗಿಸಿ ಅತ್ತೆ ಲೋಟವನ್ನು ತೊಟ್ಟಿಯಲ್ಲಿಟ್ಟರು. ಕಿಟಕಿಯ ಕಡೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಬಾಗಿಲಿಂದ ಇಳಿದರು. ನಾನು ಒಲೆ ಆರಿಸಿ ಹಿಂದೆಯೇ ಹೋದೆ. ಗಳ ಸರಿಸಿದರು. ಪೈಪು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು, ಪ್ರತಿ ಮೆಟ್ಟಿಲಿಗೂ ನಿಂತು, ಉಸಿರು ತೆಗೆದುಕೊಂಡು. ಎಂಟನೆಯದರಲ್ಲಿ ಕಾಲು ಸ್ವಲ್ಪ ತಡವರಿಸಿತು. ನನ್ನ ಎರಡೂ ಕೈ ತಾವಾಗಿ ಮುಂದೆ ಹೋದವು. ಅತ್ತೆ ತಿರುಗದೆಯೇ ಹೇಳಿದರು.

"ಅಲ್ಲೇ ನಿಲ್ಲು, ಹುಡುಗಿ. ಅಷ್ಟು ಹತ್ರ ಬಂದ್ರೆ ಹುಳ ಗಾಬರಿ ಆಗ್ತಾವೆ."

ಪೆಟ್ಟಿಗೆಯಲ್ಲಿ ಒಂದು ಹುಳವೂ ಇರಲಿಲ್ಲ. ನಾನು ಅಲ್ಲೇ ನಿಂತೆ.